ಚಕ್ರ ಮುರಿದದ್ದು ಧೈರ್ಯಗೆಟ್ಟು ಅಲ್ಲ

ಕೊಡಗಿನ ನಾಪೋಕ್ಲು ಕಡೆಯ ಮಾನ್ಯ ಓದುಗರೇ,

ಹೊರರಾಜ್ಯದಲ್ಲಿ ಪೈಲಟ್ ತರಬೇತಿ ಪಡೆಯುತ್ತಿರುವ ನಿಮ್ಮ ಮಗಳು ಮೂರನೇ ಸೋಲೋ ಹಾರಾಟ (ಬೋಧಕರಿಲ್ಲದೆ ಒಬ್ಬಳೇ ಹಾರುವುದು) ಮುಗಿಸಿ ಇಳಿಯುವಾಗ ಸೆಸ್ನಾ 172 ಎಂಬ ಸಣ್ಣ ವಿಮಾನ ರನ್‌ವೇ ಮೇಲೆ ಮೂರು ಸಲ ಪುಟಿದು, ಮುಂದಿನ ಚಕ್ರ ಮುರಿದು ನಿಂತಿತೆಂದೂ, ಅವಳಿಗೆ ಗಾಯವಾಗಲಿಲ್ಲವೆಂದೂ ಬರೆದಿದ್ದೀರಿ. ಮದುವೆ ಮನೆಯಲ್ಲಿ ನೆಂಟರು "ಅಜ್ಜಮಾಡ ದೇವಯ್ಯನವರ ನಾಡಿನ ಹುಡುಗಿ ಹೆದರಿಬಿಟ್ಟಳಲ್ಲ" ಎಂದದ್ದು ನಿಮ್ಮನ್ನು ನೋಯಿಸಿದೆ. ಅವಳನ್ನು ವಾಪಸ್ ಕರೆಸಿಕೊಳ್ಳಬೇಕೇ ಎಂದು ಕೇಳಿದ್ದೀರಿ.

ಕರೆಸಿಕೊಳ್ಳಬೇಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದು, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ದೇವಯ್ಯನವರು ವಾಯುಪಡೆಯಲ್ಲಿ ಹಾರಾಟದ ಬೋಧಕರೂ ಆಗಿದ್ದರು. ಹಾರಾಟ ಕಲಿಸಿದ ಯಾರೂ ಪುಟಿದ ವಿಮಾನವನ್ನು ಕಂಡು ಹೇಡಿತನದ ಮಾತಾಡುವುದಿಲ್ಲ.

ಈ ವಿಮಾನ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ರನ್‌ವೇಯತ್ತ ಇಳಿದು ಬರುತ್ತದೆ. ನೆಲ ಹತ್ತಿರವಾದಾಗ ಮೂತಿಯನ್ನು ಮೆಲ್ಲಗೆ ಎತ್ತಿ ಹಿಡಿದು, ರೆಕ್ಕೆಯ ಕೆಳಗಿನ ಎರಡು ಮುಖ್ಯ ಚಕ್ರಗಳು ಮೊದಲು ತಾಗುವಂತೆ ಮಾಡಬೇಕು. ಇಳಿಯುವ ಭಾರ ಹೊರಲು ಮಾಡಿದವು ಅವೇ. ಮುಂದಿನ ಚಕ್ರಕ್ಕೆ ಆ ಶಕ್ತಿ ಇಲ್ಲ. ಸೋಲೋದಲ್ಲಿ ಬೋಧಕರ ತೂಕವಿಲ್ಲದ್ದರಿಂದ ವಿಮಾನ ಹಗುರವಾಗಿ, ಅಭ್ಯಾಸಕ್ಕಿಂತ ಹೆಚ್ಚು ದೂರ ನೆಲ ಮುಟ್ಟದೆ ತೇಲುತ್ತದೆ. ವೇಗ ತುಸು ಹೆಚ್ಚಿದ್ದು ಗಡುಸಾಗಿ ತಾಗಿದರೆ ಮೇಲಕ್ಕೆ ಪುಟಿಯುತ್ತದೆ. ಆಗ ಕೈ ತಾನಾಗಿಯೇ ಮೂತಿಯನ್ನು ಕೆಳಗೆ ಒತ್ತುತ್ತದೆ, ಮುಂದಿನ ಚಕ್ರ ಬಡಿಯುತ್ತದೆ, ಮುಂದಿನ ನೆಗೆತ ಇನ್ನೂ ಜೋರಾಗುತ್ತದೆ. ಮೂರನೆಯದರ ಹೊತ್ತಿಗೆ ಚಕ್ರದ ಕಾಲು ಮುರಿಯುವುದು ಅಪರೂಪವೇನಲ್ಲ. ನೀವು ಕಳಿಸಿದ ಚಿತ್ರದಲ್ಲಿ ಪ್ರೊಪೆಲ್ಲರ್‌ನ ಎರಡೂ ಅಲಗುಗಳ ತುದಿ ಹಿಂದಕ್ಕೆ ಮಡಚಿಕೊಂಡಿವೆ. ನೆಲಕ್ಕೆ ತಾಗಿದಾಗ ಎಂಜಿನ್ ತಿರುಗುತ್ತಿತ್ತು ಎಂಬುದರ ಗುರುತು ಅದು. ಆ ಎಂಜಿನ್ನನ್ನು ಬಿಚ್ಚಿ ಪರೀಕ್ಷಿಸದೆ ಮತ್ತೆ ಹಾರಿಸುವಂತಿಲ್ಲ.

ಖಚಿತ ಕಾರಣವನ್ನು ತನಿಖೆಯೇ ಹೇಳಬೇಕು. ಆದರೆ ನೀವು ಬರೆದ ವಿವರ ಈ ಕ್ರಮಕ್ಕೆ ಹೊಂದುತ್ತದೆ. ಹಾಗಿದ್ದರೆ ಎಡವಿದ್ದು ಮೊದಲ ಪುಟಿತದಲ್ಲಿ ಅಲ್ಲ, ಅದಾದ ಮೇಲಿನ ಒಂದೆರಡು ಕ್ಷಣಗಳಲ್ಲಿ. ಆಗ ಮಾಡಬೇಕಾದದ್ದು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ಒತ್ತಿ, ಮೂತಿಯನ್ನು ಸ್ಥಿರವಾಗಿ ಹಿಡಿದು, ಮೇಲೇರಿ ಇನ್ನೊಂದು ಸುತ್ತು ಬರುವುದು. ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಹೇಗಾದರೂ ಇಳಿಸಿಬಿಡಬೇಕೆಂಬ ಹಟವೇ ಇಲ್ಲಿ ಅಪಾಯ, ಅಂದರೆ ನೆಂಟರು ಯಾವುದನ್ನು ಧೈರ್ಯವೆನ್ನುತ್ತಾರೋ ಅದೇ. ಮರಳಿ ಮೇಲೇರುವುದನ್ನು ಸೋಲೆಂದು ಅವಳ ಕಿವಿಗೆ ಯಾರೂ ಹಾಕಬಾರದೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ವಿಚಾರಣೆ ಎಂದರೆ ಶಿಕ್ಷೆ ಎಂದು ನೀವು ಅಂಜಿದ್ದೀರಿ. ನಮ್ಮ ದೇಶದ ವಿಮಾನ ಅಪಘಾತ ತನಿಖಾ ನಿಯಮಗಳು ತನಿಖೆಯ ಉದ್ದೇಶ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗುರುತಿಸುವುದಲ್ಲ ಎನ್ನುತ್ತವೆ. ಆದ್ದರಿಂದ ಅವಳು ನಡೆದದ್ದನ್ನು, ಕೈ ಮೂತಿಯನ್ನು ಒತ್ತಿದ್ದರೆ ಅದನ್ನೂ ಸೇರಿಸಿ, ಮುಚ್ಚುಮರೆಯಿಲ್ಲದೆ ಹೇಳಲಿ.

ಶಾಲೆಗೆ ನೀವು ಕೇಳಬೇಕಾದ್ದು ಇಷ್ಟೇ: ಮತ್ತೆ ಒಬ್ಬಳೇ ಹಾರುವ ಮುನ್ನ ಬೋಧಕರು ಪಕ್ಕದಲ್ಲಿ ಕುಳಿತು, ಪುಟಿದ ವಿಮಾನವನ್ನು ಮೇಲೇರಿಸುವ ಅಭ್ಯಾಸವನ್ನು ಅವಳ ಕೈಗೆ ಪಳಗುವವರೆಗೆ ಮಾಡಿಸುವರೇ? ಹೌದೆಂದರೆ ನೆಮ್ಮದಿಯಿಂದಿರಿ. ಪುತ್ತರಿ ಹಬ್ಬಕ್ಕೆ ಅವಳು ಮನೆಗೆ ಬಂದಾಗ ಆ ದಿನದ ಮಾತನ್ನು ಅವಳೇ ತೆಗೆಯುವವರೆಗೆ ಯಾರೂ ಕೆದಕದಂತೆ ನೋಡಿಕೊಳ್ಳಿ.

– ಸಂಪಾದಕರು