ತಾರಸಿ ಚಳಿ, ದಾಖಲೆ ಚಳಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ತಾರಸಿ ಮೇಲಿಟ್ಟ ಥರ್ಮಾಮೀಟರ್ ಪತ್ರಿಕೆಯಲ್ಲಿ ಬಂದದ್ದಕ್ಕಿಂತ ಮೂರು ಡಿಗ್ರಿ ಕಡಿಮೆ ತೋರಿಸಿತು. ಯಾವುದು ಸರಿ? ಜಗತ್ತಿನ ದಾಖಲೆ ಚಳಿ ಎಷ್ಟು?
– ಓದುಗರು, ಚಳ್ಳಕೆರೆ

ಉತ್ತರ: ಎರಡೂ ಸರಿಯಿರಬಹುದು, ಅಳೆದದ್ದು ಬೇರೆ ಬೇರೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತಾರಸಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ಬಯಲಲ್ಲಿಟ್ಟ ಥರ್ಮಾಮೀಟರೂ ಅಷ್ಟೇ. ಹವಾಮಾನ ಕೇಂದ್ರ ಅಳೆಯುವುದು ಗಾಳಿಯನ್ನು: ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ನೀವೂ ಮಣ್ಣುನೆಲದ ಮೇಲೆ ಅಷ್ಟೇ ಎತ್ತರಕ್ಕೆ ಕಟ್ಟಿ, ಮೇಲೊಂದು ಮರೆ ಮಾಡಿ ನೋಡಿ, ವ್ಯತ್ಯಾಸ ತಗ್ಗುತ್ತದೆ.

ದಾಖಲೆ ಅಂಟಾರ್ಕ್ಟಿಕಾದ ವೋಸ್ಟೋಕ್ ಸಂಶೋಧನಾ ಕೇಂದ್ರದ್ದು: 1983ರ ಜುಲೈ 21, ಮೈನಸ್ 89.2 ಡಿಗ್ರಿ. ಉಪಗ್ರಹಗಳು ಆ ಖಂಡದಲ್ಲಿ ಮೈನಸ್ 93ಕ್ಕೂ ಕೆಳಗೆ ಕಂಡಿವೆ. ಆದರೆ ಅದು ಹಿಮದ ಮೇಲ್ಮೈಯ ಉಷ್ಣಾಂಶ, ಗಾಳಿಯದಲ್ಲ. ಹಾಗಾಗಿ ದಾಖಲೆಗೆ ಸೇರಿಲ್ಲ.