ಓದುಗರ ಪ್ರಶ್ನೆ: ಮಳೆಗಾಲದ ಪಿಟೀಲು

ಪ್ರಶ್ನೆ: ಜೂನ್ ಹಿಡಿದರೆ ಮಗಳ ಪಿಟೀಲಿನ ತಂತಿ ಬಿಗಿಸುವ ಬಿರಡೆ ಕಚ್ಚಿಕೊಂಡುಬಿಡುತ್ತದೆ. ತಿರುಗಿಸಲು ಹೋಗಿ ಎರಡು ಸಲ ತಂತಿ ಹರಿಯಿತು. ಬೇಸಿಗೆಯಲ್ಲಿ ಅದೇ ಬಿರಡೆ ನಿಲ್ಲದೆ ಜಾರುತ್ತಿತ್ತು. ಎಣ್ಣೆ ಬಿಡಬಹುದೆ?
– ಓದುಗರು, ಸಕಲೇಶಪುರ

ಉತ್ತರ: ಎಣ್ಣೆ ಬೇಡವೇ ಬೇಡ. ಮರ ಎಣ್ಣೆ ಕುಡಿದರೆ ಬಿರಡೆ ಆಮೇಲೆ ಹಿಡಿತಕ್ಕೇ ಬರುವುದಿಲ್ಲ. ನಿಮ್ಮೂರಿನ ಮಳೆಗೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚುವಾಗ ಬಿರಡೆಯದೇನು ತಪ್ಪು? ತೇವ ಹೀರಿದ ಮರ ಅಡ್ಡಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಬಿರಡೆಯದು ಒಂದು ಮರ, ಅದು ಕೂರುವ ತೂತಿನದು ಇನ್ನೊಂದು. ಎರಡೂ ಒಂದೇ ಅಳತೆಗೆ ಹಿಗ್ಗುವುದಿಲ್ಲ.

ಕಚ್ಚಿದ ಬಿರಡೆಯನ್ನು ಶ್ರುತಿ ಏರಿಸುವ ಕಡೆಗೆ ತಿರುಗಿಸಬೇಡಿ, ತಂತಿ ಹರಿಯುವುದು ಅಲ್ಲೇ. ಇಳಿಸುವ ಕಡೆಗೆ, ಚೂರು ಹೊರಕ್ಕೆಳೆಯುತ್ತ ತಿರುಗಿಸಿ. ಬಿರಡೆ ಹೊರಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ, ತೂತಿಗೆ ಉಜ್ಜಿ ಉಜ್ಜಿ ಹೊಳೆಯುವ ಎರಡು ಉಂಗುರ ಕಾಣುತ್ತವೆ. ಅಲ್ಲಿ ಮಾತ್ರ ಒಣ ಸೋಪನ್ನು ತೆಳ್ಳಗೆ ತೀಡಿ, ಮೇಲೆ ಸೀಮೆಸುಣ್ಣ ಸವರಿ. ಬರೀ ಸೋಪಾದರೆ ಜಾರುತ್ತದೆ, ಬರೀ ಸುಣ್ಣವಾದರೆ ಮತ್ತೆ ಕಚ್ಚುತ್ತದೆ. ತಂತಿ ಸುತ್ತುವಾಗ ಕೊನೆಯ ಸುತ್ತುಗಳು ಬಿರಡೆಯ ಹಿಡಿ ಇರುವ ಕಡೆಯ ಗೋಡೆಯತ್ತ ಸರಿಯಲಿ. ಬಿರಡೆ ತಾನಾಗಿ ಒಳಕ್ಕೆ ಒತ್ತಿ ನಿಲ್ಲುತ್ತದೆ.

ಒಂದು ತಂತಿಯ ಕೆಲಸ ಮುಗಿಯದೆ ಇನ್ನೊಂದನ್ನು ಸಡಿಲಿಸಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಒಳಗೆ, ಮೊದಲ ತಂತಿಯ ಕಡೆಯ ಕುದುರೆ ಕಾಲಿನ ಸಮೀಪ, ಸೌಂಡ್‌ಪೋಸ್ಟ್ ಎಂಬ ಪುಟ್ಟ ಮರದ ಕಂಬವಿದೆ. ಅದರ ಕಥೆಯೂ ಇಷ್ಟೇ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ಮಲಗುತ್ತದೆ, ಕಂಬ ಒಳಗೆ ಉರುಳುತ್ತದೆ. ಮತ್ತೆ ನಿಲ್ಲಿಸಲು ಕಸುಬುದಾರನೇ ಬೇಕು.

ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅಡಕೆ ಒಣಗಿಸಿದಂತೆ ಪಿಟೀಲನ್ನು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಶಾಖಕ್ಕೆ ವಜ್ರದ ಅಂಟು (ಪ್ರಾಣಿಗಳ ತೊಗಲಿನಿಂದ ಮಾಡುವ ಮರಗೆಲಸದ ಅಂಟು) ಬಿಟ್ಟು ಹಲಗೆ ಬಾಯಿ ತೆರೆಯುತ್ತದೆ.

ಪ್ರಶ್ನೆ: ತಲೆ ತಿನ್ನುವವರಿಗೆ ‘ಪಿಟೀಲು ಕುಯ್ಯಬೇಡ’ ಅನ್ನುತ್ತೇವಲ್ಲ, ಯಾಕೆ? ರೋಮ್ ಹೊತ್ತಿ ಉರಿಯುವಾಗ ಅಲ್ಲಿನ ದೊರೆ ನೀರೋ ಪಿಟೀಲು ಬಾರಿಸುತ್ತಿದ್ದ ಎಂಬ ಗಾದೆಯಿದೆಯಲ್ಲ, ನಿಜಕ್ಕೂ ಬಾರಿಸಿದನೆ?
– ಓದುಗರು, ಕಡೂರು

ಉತ್ತರ: ಕಮಾನು ಹಿಂದೆ ಮುಂದೆ ಆಡುವುದು ಗರಗಸದ ಹಾಗೆ, ಕಲಿಯುವವರ ಕೈಯಲ್ಲಿ ಸದ್ದೂ ಹಾಗೇ. ‘ಕೊರೆಯುತ್ತಾನೆ’ ಎಂಬ ಮಾತಿನ ಪಕ್ಕದ ಮನೆಯದೇ ಇದು. ಪಿಟೀಲು ಎಂಬ ಪದ ಇಂಗ್ಲಿಷಿನ ಫಿಡಲ್ ನಮ್ಮ ನಾಲಗೆಗೆ ಒಗ್ಗಿದ ರೂಪ. ನೀರೋ ಬಾರಿಸಿರಲು ಸಾಧ್ಯವಿಲ್ಲ: ರೋಮ್ ಉರಿದದ್ದು ಕ್ರಿ.ಶ. 64ರಲ್ಲಿ, ಪಿಟೀಲು ಈಗಿನ ರೂಪಕ್ಕೆ ಬಂದದ್ದು 16ನೇ ಶತಮಾನದ ಇಟಲಿಯಲ್ಲಿ. ಅವನು ನುಡಿಸುತ್ತಿದ್ದದ್ದು ಕಿಥಾರ, ಮೀಟುವ ತಂತಿವಾದ್ಯ. ಗಾದೆಗೆ ಇದರಿಂದೇನೂ ನಷ್ಟವಿಲ್ಲ ಬಿಡಿ.

ಪ್ರಶ್ನೆ: ರಜೆ ಮುಗಿಸಿ ಪೆಟ್ಟಿಗೆ ತೆರೆದರೆ ಕಮಾನಿನ ಕೂದಲು ಅರ್ಧಕ್ಕರ್ಧ ತುಂಡಾಗಿತ್ತು.
– ಓದುಗರು, ಮೂಡಿಗೆರೆ

ಉತ್ತರ: ಅದು ಕುದುರೆಯ ಬಾಲದ ಕೂದಲು. ಮುಚ್ಚಿದ ಕತ್ತಲ ಪೆಟ್ಟಿಗೆ ಸೇರುವ ಹುಳು ಅದನ್ನು ತಿನ್ನುತ್ತದೆ. ಪೆಟ್ಟಿಗೆಯ ಮೂಲೆಮೂಲೆ ಗುಡಿಸಿ, ಖಾಲಿ ಪೆಟ್ಟಿಗೆಯನ್ನು ಒಂದು ದಿನ ಬಿಸಿಲಿಗೆ ತೆರೆದಿಡಿ. ಆಮೇಲೆ ಹೊಸ ಕೂದಲು ಕಟ್ಟಿಸಿ. ಮೊದಲೇ ಕಟ್ಟಿಸಿದರೆ ಅದೂ ಹುಳುವಿನ ಪಾಲು.