ನಂದಗಡಕ್ಕೆ ಹೊರಟವರ ಪ್ರಶ್ನೆಗಳು

ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಅಲ್ಲಿಗೆ ಹೋಗುವ ಬಗ್ಗೆ ಬಂದ ಓದುಗರ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಬಾರಿ ಉತ್ತರಿಸಿದ್ದೇವೆ.

ಬೆಂಗಳೂರಿನಿಂದ ಹೊರಡುತ್ತೇವೆ. ಸ್ವಂತ ವಾಹನ ಇಲ್ಲ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ನಂದಗಡ ತಲುಪುವುದು ಹೇಗೆ? ಒಂದೇ ದಿನದಲ್ಲಿ ವಾಪಸಾಗಬಹುದೇ?
(ಓದುಗರು, ಬೆಂಗಳೂರು)

ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಬೆಳಗಾವಿಯೇ ಬೆಂಗಳೂರಿನಿಂದ ಸುಮಾರು 500 ಕಿ.ಮೀ. ಒಂದು ರಾತ್ರಿ ಹೋಗಲು, ಇನ್ನೊಂದು ರಾತ್ರಿ ಬರಲು, ನಡುವೆ ಒಂದು ಪೂರ್ತಿ ಹಗಲು. ಅತ್ತೆಯವರಿಗೆ ಇದೂ ಆಯಾಸವೇ. ಬೆಳಗಾವಿಯಲ್ಲಿ ಒಂದು ರಾತ್ರಿ ತಂಗಿದರೆ ಒಳ್ಳೆಯದು.

ವಯಸ್ಸಾದವರಿಗೆ ಬಸ್ಸಿಗಿಂತ ರೈಲು ವಾಸಿ. ರಾಯಣ್ಣನ ಹೆಸರಿಟ್ಟ ಬೆಂಗಳೂರು ಸಿಟಿ ನಿಲ್ದಾಣದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತುವ ಯೋಗ ಇರುವುದು ಬೆಂಗಳೂರಿನವರಿಗೆ ಮಾತ್ರ! ಅದು ರಾತ್ರಿ ಹೊರಟು ಬೆಳಿಗ್ಗೆ ಬೆಳಗಾವಿ ಮುಟ್ಟುತ್ತದೆ. ಲೋಂಡಾ ದಾಟಿದ ಮೇಲೆ, ಬೆಳಗಾವಿಗೆ ಮೊದಲೇ, ಖಾನಾಪುರ ನಿಲ್ದಾಣ ಸಿಗುತ್ತದೆ. ಅಲ್ಲಿ ಇಳಿದರೆ ಬೆಳಗಾವಿಯಿಂದ ಹಿಂದಕ್ಕೆ ಬರುವುದು ತಪ್ಪುತ್ತದೆ. ಆದರೆ ಅದು ಸಣ್ಣ ನಿಲ್ದಾಣ, ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಟಿಕೆಟ್ ತೆಗೆಸುವಾಗಲೇ ನಿಲುಗಡೆ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಳಗಾವಿಯಲ್ಲೇ ಇಳಿದು ಮುಖ ತೊಳೆದು ತಿಂಡಿ ಮುಗಿಸಿ ಹೊರಡಿ.

ಬೆಳಗಾವಿಯಿಂದ ಖಾನಾಪುರ 26 ಕಿ.ಮೀ. ಆಸುಪಾಸು. ಬಸ್ಸಿಗೆ ಬರ ಇಲ್ಲ. ಅಲ್ಲಿಂದ ನಂದಗಡ ಇನ್ನೊಂದು ಹತ್ತು–ಹನ್ನೆರಡು ಕಿ.ಮೀ., ಹಳಿಯಾಳದ ಕಡೆಗೆ ಹೋಗುವ ರಸ್ತೆಯಲ್ಲಿ. ಯಡವಟ್ಟು ಆಗುವುದು ಸಾಮಾನ್ಯವಾಗಿ ಈ ಎರಡನೆಯ ತುಂಡಿನಲ್ಲೇ. ಬೆಳಿಗ್ಗೆ, ಸಂಜೆ ಶಾಲೆ–ಕಚೇರಿ ಹೊತ್ತಿಗೆ ಬಸ್ಸುಗಳು ಸಿಗುತ್ತವೆ. ಮಧ್ಯಾಹ್ನದ ಹೊತ್ತು ಅಂತರ ಹೆಚ್ಚು. ಆದ್ದರಿಂದ ನಂದಗಡದಲ್ಲಿ ಇಳಿದ ಕೂಡಲೇ, ಸಮಾಧಿಯತ್ತ ಹೆಜ್ಜೆ ಇಡುವ ಮೊದಲು, ಖಾನಾಪುರಕ್ಕೆ ವಾಪಸ್ ಹೋಗುವ ಕೊನೆಯ ಎರಡು ಬಸ್ಸುಗಳ ಹೊತ್ತನ್ನು ನಿರ್ವಾಹಕರ ಬಳಿಯೋ ಚಹಾ ಅಂಗಡಿಯಲ್ಲೋ ಕೇಳಿ ಬರೆದಿಟ್ಟುಕೊಳ್ಳಿ. ಕೊನೆಯ ಬಸ್ಸನ್ನು ನಂಬಬೇಡಿ, ಅದರ ಹಿಂದಿನದಕ್ಕೆ ಹೊರಡಿ. ರಾತ್ರಿ ಊರಿಗೆ ಬರುವ ವಸತಿ ಬಸ್ಸು ಅಲ್ಲೇ ತಂಗಿ ಬೆಳಿಗ್ಗೆ ಹೊರಡುತ್ತದೆ. ಬೋರ್ಡಿನಲ್ಲಿ ಹೆಸರು ನೋಡಿ ಅದಕ್ಕಾಗಿ ಕಾದು ಕೂತರೆ ರಾತ್ರಿ ಅಲ್ಲೇ.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಉಂಟು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಖಾನಾಪುರದ ಮೇಲೆ ಹೋಗುವುದೆಂದು ಗೋವಾ ಬಸ್ಸು ಹತ್ತಿದರೆ ಟಿಕೆಟ್ ತೆಗೆಯಬೇಕಾಗುತ್ತದೆ, ಅಂತರರಾಜ್ಯ ಬಸ್ಸಿಗೆ ಆ ಸೌಲಭ್ಯ ಇಲ್ಲ.

ನಾಲ್ಕು ಜನರಿದ್ದರೆ ಖಾನಾಪುರದಿಂದ ಆಟೊ ಮಾತಾಡಿಕೊಂಡು ಹೋಗುವುದೇ ಮೇಲು. ದರ ಹೇಳುವಾಗ ‘ಎರಡೂ ಜಾಗ ತೋರಿಸಿ, ಕಾದು, ವಾಪಸ್ ಬಿಡಬೇಕು’ ಎಂದು ಬಿಡಿಸಿ ಹೇಳಿ. ‘ಎರಡೂ ಜಾಗ’ ಯಾವುವು ಎನ್ನುವುದು ಮುಂದಿನ ಉತ್ತರದಲ್ಲಿದೆ.

ಫೋನಿನ ನಕ್ಷೆಯಲ್ಲಿ ರಾಯಣ್ಣನ ಹೆಸರಿನಲ್ಲಿ ನಂದಗಡದಲ್ಲೇ ಬೇರೆ ಬೇರೆ ಗುರುತುಗಳು ಕಾಣುತ್ತವೆ. ಸಮಾಧಿ ಯಾವುದು?
(ಓದುಗರು, ಹಾಸನ)

ಗಲ್ಲಿಗೇರಿಸಿದ ಜಾಗ ಒಂದು, ಮಣ್ಣು ಮಾಡಿದ ಜಾಗ ಇನ್ನೊಂದು. ಒಂದನ್ನೇ ನೋಡಿ, ಎರಡನ್ನೂ ನೋಡಿದೆವೆಂದುಕೊಂಡು ಬಸ್ಸು ಹತ್ತುವವರು ಬಹಳ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ಊರಾಚೆಯ ಆಲದ ಮರದಲ್ಲಿ. ಸಮಾಧಿ ಇರುವ ಕಡೆಯೂ ದೊಡ್ಡ ಆಲವೇ ಇದೆ. ರಾಯಣ್ಣನ ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ಸಮಾಧಿಯ ಮೇಲೆ ನೆಟ್ಟ ಸಸಿಯೇ ಹೀಗೆ ಬೆಳೆದಿದೆ ಎನ್ನುವುದು ಜನರ ನಂಬಿಕೆ. ಎರಡೂ ಕಡೆ ಆಲದ ಕಥೆ ಇರುವುದೇ ಗೊಂದಲಕ್ಕೆ ಕಾರಣ. ಮಕ್ಕಳಾಗಲೆಂದು ಹರಕೆ ಹೊತ್ತವರು ಕಟ್ಟಿದ ತೊಟ್ಟಿಲುಗಳು ತೂಗುತ್ತಿದ್ದರೆ ಅದು ಸಮಾಧಿಯ ಆಲ.

ದಾರಿ ಕೇಳುವಾಗ ‘ರಾಯಣ್ಣ ಎಲ್ಲಿ’ ಎಂದು ಕೇಳಿದರೆ ಊರಿನ ಪ್ರತಿಮೆಯತ್ತ ಕೈ ತೋರಿಸಿಬಿಡಬಹುದು. ‘ರಾಯಣ್ಣನ ಸಮಾಧಿ’, ‘ಗಲ್ಲಿಗೇರಿಸಿದ ಜಾಗ’ ಎಂದು ಬೇರೆ ಬೇರೆಯಾಗಿ ಕೇಳಿ. ಖಾನಾಪುರ ಸೀಮೆಯಲ್ಲಿ ಮರಾಠಿ ಮಾತಾಡುವವರು ಬಹಳ. ಕನ್ನಡ ಬಾರದ ಹಿರಿಯರು ಸಿಕ್ಕರೆ ‘ರಾಯಣ್ಣಾಚೀ ಸಮಾಧಿ ಕುಠೆ ಆಹೆ?’ ಎಂದರೆ ಸಾಕು. ಎರಡು ಜಾಗಗಳ ನಡುವೆ ಮಕ್ಕಳು, ವೃದ್ಧರನ್ನು ನಡೆಸಬೇಡಿ, ವಾಹನ ಇಟ್ಟುಕೊಳ್ಳಿ. ಮೊದಲು ಗಲ್ಲಿನ ಜಾಗ ನೋಡಿ, ಆಮೇಲೆ ಸಮಾಧಿಗೆ ಬನ್ನಿ. ನೆರಳಲ್ಲಿ ಕೂತು ಸುಧಾರಿಸಿಕೊಳ್ಳಲು ಸಮಾಧಿಯ ಬಳಿ ಕೊನೆಗೆ ಇರುವುದೇ ಅನುಕೂಲ.

ಜನವರಿ 26ಕ್ಕೇ ಹೋಗಬೇಕೆಂಬ ಆಸೆ. ಸರಿಯೇ?
(ಓದುಗರು, ಮೈಸೂರು)

ಜನಸಾಗರ, ಡೊಳ್ಳು, ಜಯಘೋಷ ಬೇಕೆಂದರೆ ಆ ದಿನವೇ ಸರಿ. ಸಮಾಧಿಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕೆಂದರೆ ಬೇಡ. ಆ ದಿನ ಹೋಗುವವರು ಹಿಂದಿನ ರಾತ್ರಿಯೇ ಬೆಳಗಾವಿಯಲ್ಲೋ ಖಾನಾಪುರದಲ್ಲೋ ತಂಗಿ, ಬೆಳಗಿನ ಮೊದಲ ಬಸ್ಸಿಗೆ ನಂದಗಡ ಸೇರಿ. ವಾಹನ ತಂದವರು ಊರ ಹೊರಗೇ, ವಾಪಸ್ ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಒಳಗೆ ಸಿಕ್ಕಿಕೊಂಡರೆ ಮಧ್ಯಾಹ್ನದವರೆಗೆ ಅಲುಗಾಡುವಂತಿಲ್ಲ.

ಸೊಸೆಗೆ ಮದುವೆಯಾಗಿ ಆರು ವರ್ಷ. ರಾಯಣ್ಣನ ಆಲಕ್ಕೆ ತೊಟ್ಟಿಲು ಕಟ್ಟಬೇಕೆಂದು ಹರಕೆ ಹೊತ್ತಿದ್ದೇವೆ. ಕ್ರಮ ಏನು?
(ಓದುಗರು, ಬಾಗಲಕೋಟೆ)

ಇಂಥ ವಾರ, ಇಂಥ ಮಂತ್ರ ಎಂದು ಗಂಟು ಬಿದ್ದ ಶಾಸ್ತ್ರವೇನೂ ಇಲ್ಲ, ಜನರೇ ನಡೆಸಿಕೊಂಡು ಬಂದ ಪದ್ಧತಿ. ಗೇಣುದ್ದದ ಹಗುರ ಮರದ ತೊಟ್ಟಿಲು ಸಾಕು, ಊರಿನಿಂದಲೇ ತನ್ನಿ. ಕಟ್ಟುವ ದಾರದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು.

ಹತ್ತಿಯ ದಾರವನ್ನೇ ಬಳಸಿ. ನೈಲಾನ್ ಹಗ್ಗ, ತಂತಿ, ಪ್ಲಾಸ್ಟಿಕ್ ಬೇಡವೇ ಬೇಡ. ಕೊಂಬೆ ವರ್ಷ ವರ್ಷ ದಪ್ಪಗಾಗುತ್ತದೆ. ಹತ್ತಿ ದಾರವಾದರೆ ಎರಡು ಮಳೆಗಾಲಕ್ಕೆ ಕೊಳೆತು ತಾನೇ ಬಿಡುತ್ತದೆ. ನೈಲಾನ್ ಕೊಳೆಯುವುದಿಲ್ಲ, ತೊಗಟೆಯೊಳಗೆ ಹೂತುಕೊಂಡು ಎಲೆಯಿಂದ ಬೇರಿಗೆ ಇಳಿಯುವ ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ಕೊಂಬೆ ಒಣಗುವುದು ಹಾಗೆ. ಮೊಳೆ ಹೊಡೆಯುವುದು ಇನ್ನೂ ಕೆಟ್ಟದ್ದು, ಆ ತೂತಿನಿಂದ ನೀರು, ಶಿಲೀಂಧ್ರ ಎರಡೂ ಒಳಗೆ ಹೋಗುತ್ತವೆ.

ನೇತಾಡುವ ಎಳೆ ಬಿಳಲಿಗೆ ಕಟ್ಟಬೇಡಿ, ಅದನ್ನು ಹಿಡಿದು ಜೋತಾಡುವ ಮಕ್ಕಳನ್ನೂ ತಡೆಯಿರಿ. ಆ ಬಿಳಲು ನೆಲ ಮುಟ್ಟಿ ಬೇರೂರಿದರೆ ಮುಂದೆ ಕಂಬವಾಗಿ ಕೊಂಬೆಯ ಭಾರ ಹೊರುತ್ತದೆ. ತುದಿ ಮುರಿದರೆ ಅಷ್ಟು ವರ್ಷದ ಬೆಳವಣಿಗೆ ಹಾಳು. ಕರ್ಪೂರ, ಎಣ್ಣೆದೀಪ ಬುಡದ ಬಿಳಲುಗಳ ಸಂದಿಯಲ್ಲಿ ಬೇಡ. ಬೆಂಕಿಯ ಝಳಕ್ಕೆ ತೊಗಟೆ ಸುಡುತ್ತದೆ, ಚೆಲ್ಲಿದ ಎಣ್ಣೆ ಮಣ್ಣಿಗೆ ಗಾಳಿಯಾಡದಂತೆ ಮಾಡುತ್ತದೆ. ಸಮಾಧಿಯ ಮುಂದೆ ತೆಂಗಿನಕಾಯಿ ಒಡೆಯಲು, ದೀಪ ಹಚ್ಚಲು ಬೇರೆಯವರು ಎಲ್ಲಿ ಮಾಡುತ್ತಾರೋ ನೋಡಿ ಅಲ್ಲೇ ಮಾಡಿ. ಚಪ್ಪಲಿ ಹೊರಗೆ. ಬೇಸಿಗೆಯ ಮಧ್ಯಾಹ್ನ ಕಲ್ಲುಹಾಸು ಕಾದಿರುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ.

ಹರಕೆ ಹೊರಿ. ವೈದ್ಯರ ತಪಾಸಣೆಯನ್ನೂ ಬಿಡಬೇಡಿ, ಸೊಸೆಗೆ ಮಾತ್ರವಲ್ಲ, ಮಗನಿಗೂ ಮಾಡಿಸಿ.

ನಮ್ಮ ಪ್ರೌಢಶಾಲೆಯ 45 ಮಕ್ಕಳನ್ನು ಎರಡು ದಿನದ ಪ್ರವಾಸಕ್ಕೆ ಕರೆದೊಯ್ಯಬೇಕು. ನಂದಗಡದ ಜೊತೆಗೆ ಇನ್ನೇನು ಸೇರಿಸಬಹುದು?
(ಓದುಗರು, ತುಮಕೂರು)

ನಂದಗಡವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಅಲ್ಲಿಗೆ ಹೋದರೆ ಮಕ್ಕಳಿಗೆ ಕಾಣುವುದು ಒಂದು ಮರ, ಒಂದು ಸಮಾಧಿ, ಅಷ್ಟೆ. ಕಿತ್ತೂರು, ಬೈಲಹೊಂಗಲ, ಸಂಗೊಳ್ಳಿ, ನಂದಗಡ — ಈ ಸಾಲಿನಲ್ಲಿ ಹೋದರೆ 1824ರಿಂದ 1831ರವರೆಗಿನ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಮಗೆ ದಾರಿಯೂ ಹಾಗೇ ಇದೆ: ತುಮಕೂರಿನ ಹೆದ್ದಾರಿಯೇ ಧಾರವಾಡ ದಾಟಿ ನೇರ ಕಿತ್ತೂರಿಗೆ ಹೋಗುತ್ತದೆ. ರಾತ್ರಿ ಪ್ರಯಾಣವಾದ್ದರಿಂದ ಇಬ್ಬರು ಚಾಲಕರು ಕಡ್ಡಾಯ ಎಂದು ಬಸ್ಸಿನವರಿಗೆ ಮೊದಲೇ ಹೇಳಿ.

ಮೊದಲ ದಿನ ಬೆಳಿಗ್ಗೆ ಕಿತ್ತೂರು ಕೋಟೆಗೆ ಎರಡೂವರೆ ತಾಸು ಕೊಡಿ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಸತ್ತದ್ದು ಇಲ್ಲಿ. ಡಿಸೆಂಬರಿನಲ್ಲಿ ಬ್ರಿಟಿಷರ ಕೈಗೆ ಬಿದ್ದ ಕೋಟೆಯೂ ಇದೇ. ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಯನ್ನು ತಪ್ಪದೇ ತೋರಿಸಿ. ವಿಜ್ಞಾನದ ಮೇಷ್ಟರಿಗೆ ಒಂದು ಸಲಹೆ: ಒಂದು ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು ಅಷ್ಟೇ ಡಿಗ್ರಿ ಮೇಲಿರುತ್ತದೆ. ಕಿತ್ತೂರಿನ ಅಕ್ಷಾಂಶ 15.6 ಡಿಗ್ರಿ ಹತ್ತಿರ. ಕಿಂಡಿ ಉತ್ತರಕ್ಕೆ ಎಷ್ಟು ಓರೆಯಾಗಿದೆ ಎಂದು ಮಕ್ಕಳೇ ಕೋನಮಾಪಕ ಹಿಡಿದು ಅಳೆಯಲಿ. ಒಮ್ಮೆಗೇ 45 ಜನ ನುಗ್ಗಿದರೆ ಯಾರಿಗೂ ಏನೂ ಕಾಣದು, ಹದಿನೈದರ ಮೂರು ಗುಂಪು ಮಾಡಿ. ಕೋಟೆಯ ವಸ್ತುಸಂಗ್ರಹಾಲಯ ನೋಡಬೇಕಿದ್ದರೆ ಸೋಮವಾರ ಮತ್ತು ಸರ್ಕಾರಿ ರಜೆಗಳನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ.

ಮಧ್ಯಾಹ್ನ ಬೈಲಹೊಂಗಲ. ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಇಲ್ಲೇ, ಸಮಾಧಿಯೂ ಇದೆ. ಅರ್ಧ ತಾಸು ಸಾಕು. ಅಲ್ಲಿಂದ ರಾಯಣ್ಣನ ಊರು ಸಂಗೊಳ್ಳಿ ಹತ್ತಿರವೇ, ಮಲಪ್ರಭೆಯ ದಂಡೆಯ ಹಳ್ಳಿ. ನದಿಗೆ ಮಾತ್ರ ಇಳಿಸಬೇಡಿ. ಇಲ್ಲಿ ಮಕ್ಕಳಿಗೆ ‘ಶೇತ್‌ಸನದಿ’ ಎಂಬ ಮಾತು ವಿವರಿಸಿ. ಊರ ಕಾವಲು, ಸಂಸ್ಥಾನಕ್ಕೆ ದಂಡಿನ ಸೇವೆ ಮಾಡುವವನಿಗೆ ಸಂಬಳದ ಬದಲು ಕಂದಾಯವಿಲ್ಲದ ಹೊಲ ಸಿಗುತ್ತಿತ್ತು. ರಾಯಣ್ಣನದು ಅಂಥ ಮನೆತನ. ಕಿತ್ತೂರು ಕಂಪನಿಯ ಕೈಗೆ ಹೋದ ಮೇಲೆ ಆ ಹೊಲಗಳ ಮೇಲೆ ಕಂದಾಯದ ಕಣ್ಣು ಬಿತ್ತು. ಅವನ ಬಂಡಾಯದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿದ್ದದ್ದು, ದಫ್ತರಗಳು ಸುಟ್ಟದ್ದು ಏಕೆ ಎಂಬುದು ಇಷ್ಟು ಹೇಳಿದರೆ ಅರ್ಥವಾಗುತ್ತದೆ. ಖಡ್ಗ ಹಿಡಿದ ಪ್ರತಿಮೆಯಷ್ಟೇ ತೋರಿಸಿದರೆ ಆಗುವುದಿಲ್ಲ.

ರಾತ್ರಿ ಬೆಳಗಾವಿಯಲ್ಲಿ ವಸತಿ, ಎರಡನೆಯ ದಿನ ಏಳು ಗಂಟೆಗೆ ಹೊರಟರೆ ಒಂಬತ್ತರ ಒಳಗೆ ನಂದಗಡ. 45 ಮಕ್ಕಳಿಗೆ ತಲಾ ಒಂದೂವರೆ ಲೀಟರ್ ಲೆಕ್ಕದಲ್ಲಿ 70 ಲೀಟರ್ ಕುಡಿಯುವ ನೀರು, ಅಂದರೆ 20 ಲೀಟರಿನ ನಾಲ್ಕು ಕ್ಯಾನು, ಬಸ್ಸಿನಲ್ಲಿರಲಿ. ನಂದಗಡ ದೊಡ್ಡ ಊರೇ, ಚಹಾ–ತಿಂಡಿಗೆ ತೊಂದರೆ ಇಲ್ಲ. ಆದರೆ ಯಾವ ಖಾನಾವಳಿಯೂ ಹೇಳದೆ ಕೇಳದೆ ಬಂದ ಐವತ್ತು ಜನಕ್ಕೆ ರೊಟ್ಟಿ ಬಡಿದು ಕೊಡಲಾರದು. ಊಟ ಖಾನಾಪುರದಲ್ಲೋ ಬೆಳಗಾವಿಯಲ್ಲೋ ಹಿಂದಿನ ದಿನವೇ ಹೇಳಿಡಿ. ಹೆಣ್ಣುಮಕ್ಕಳ ಶೌಚಾಲಯದ ವ್ಯವಸ್ಥೆಯನ್ನು ಖಾನಾಪುರದಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ.

ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಇದು ನಿಜವೇ, ಆಮೇಲೆ ಹೊಂದಿಸಿದ್ದೇ?
(ಓದುಗರು, ಕೊಪ್ಪಳ)

ಎರಡಕ್ಕೂ ಒಂದೇ ತೂಕ ಕೊಡಬೇಡಿ. ರಾಯಣ್ಣನನ್ನು ಹಿಡಿದದ್ದು 1830ರ ಏಪ್ರಿಲ್‌ನಲ್ಲಿ, ಗಲ್ಲು 1831ರ ಜನವರಿ 26. ಈ ದಿನಾಂಕದ ಬಗ್ಗೆ ತಕರಾರಿಲ್ಲ. ಹುಟ್ಟಿದ ದಿನವನ್ನು 1798ರ ಆಗಸ್ಟ್ 15 ಎಂದು ಆಚರಿಸುತ್ತಾರೆ. ಆದರೆ ಇಸವಿ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಫಲಕ ಬರೆಸುವವರು ಗಲ್ಲಿನ ದಿನವನ್ನು ಧೈರ್ಯವಾಗಿ ಬರೆಸಿ, ಜನ್ಮದಿನದ ಮುಂದೆ ‘ಪ್ರತೀತಿ’ ಎಂದು ಸೇರಿಸಿ.

ಸಮಾಧಿಯ ಆಲದಿಂದ ಒಂದು ಕೊಂಬೆ ತಂದು ನಮ್ಮೂರ ಶಾಲೆಯಲ್ಲಿ ನೆಡಬಹುದೇ?
(ಓದುಗರು, ಉಡುಪಿ)

ಕಡಿದು ತರುವಂತಿಲ್ಲ. ಗಾಳಿಗೆ ಮುರಿದು ಬಿದ್ದ ಹಸಿ ಕೊಂಬೆ ಸಿಕ್ಕರೆ, ಅಲ್ಲಿ ನೋಡಿಕೊಳ್ಳುವವರನ್ನು ಕೇಳಿ, ಒಪ್ಪಿದರೆ ಮಾತ್ರ ತನ್ನಿ. ಆಲ ಕೊಂಬೆಯಿಂದಲೇ ಚಿಗುರುವ ಮರ. ಮಣಿಕಟ್ಟಿನಷ್ಟು ದಪ್ಪ, ನಾಲ್ಕೈದು ಅಡಿ ಉದ್ದದ ತುಂಡು ಬೇಕು. ಬೆರಳು ಗಾತ್ರದ ಟೊಂಗೆ ಬಿಸಿಲಿಗೆ ಬೇಗ ಒಣಗುತ್ತದೆ. ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಒಸರುವ ಹಾಲು ಆರುವವರೆಗೆ ನೆರಳಲ್ಲಿಡಿ. ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಎಲೆಗಳನ್ನೆಲ್ಲ ತೆಗೆಯಿರಿ, ಬೇರಿಲ್ಲದ ಕೊಂಬೆಯ ನೀರನ್ನು ಅವೇ ಖಾಲಿ ಮಾಡುತ್ತವೆ. ಮೂರನೇ ಒಂದು ಭಾಗ ಮಣ್ಣಿನಲ್ಲಿರುವಂತೆ ಮುಂಗಾರಿನ ಮೊದಲ ಮಳೆಗೆ ನೆಡಿ. ತಲೆ ಕೆಳಗಾಗಿ ನೆಟ್ಟರೆ ಚಿಗುರದು. ಆದ್ದರಿಂದ ಕತ್ತರಿಸುವಾಗಲೇ ಮೇಲ್ತುದಿಗೆ ಸಗಣಿ ಮೆತ್ತಿ ಗುರುತು ಮಾಡಿಕೊಳ್ಳಿ. ಮೇಲ್ತುದಿ ಒಣಗುವುದೂ ತಪ್ಪುತ್ತದೆ. ಶಾಲೆಯ ಗೋಡೆ, ಬಾವಿ, ಟ್ಯಾಂಕಿನಿಂದ ಕನಿಷ್ಠ ಐವತ್ತು ಅಡಿ ದೂರ ಇರಲಿ. ಅಷ್ಟು ಜಾಗ ಇಲ್ಲವೆಂದರೆ ಆಲದ ಆಸೆ ಬಿಡಿ.

ಮಳೆಗಾಲದಲ್ಲಿ ಬೈಕಿನಲ್ಲಿ ಹೋಗುವುದು ಹೇಗೆ?
(ಓದುಗರು, ಗದಗ)

ನಿಮ್ಮ ಗದಗಿನ ಮಳೆಯ ಲೆಕ್ಕ ಖಾನಾಪುರಕ್ಕೆ ನಡೆಯದು, ಅದು ಪಶ್ಚಿಮಘಟ್ಟದ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದೆ, ಗುಂಡಿಗಳು ನೀರು ತುಂಬಿ ಕಾಣುವುದಿಲ್ಲ. ಹಳ್ಳ ರಸ್ತೆಯ ಮೇಲೆ ಹರಿಯುತ್ತಿದ್ದರೆ ದಾಟಬೇಡಿ. ಸುತ್ತ ಕಾಡು, ಕರಡಿ ಓಡಾಡುವ ಸೀಮೆ, ಹೊತ್ತು ಮುಳುಗುವ ಮೊದಲೇ ಖಾನಾಪುರ ಸೇರಿಬಿಡಿ. ಪೆಟ್ರೋಲನ್ನೂ ಅಲ್ಲೇ ತುಂಬಿಸಿಕೊಳ್ಳಿ. ನಮ್ಮ ಮತ ಕೇಳುವಿರಾದರೆ ನವೆಂಬರ್‌ನಿಂದ ಫೆಬ್ರವರಿ.